ಲೆಕ್ಕ ತಪ್ಪಿಸುವ ಹಲ್ಲು

ಕನ್ನಡಿ ಮುಂದೆ ಬಾಯಿ ಅಗಲಿಸಿ ನಿಮ್ಮ ಹಲ್ಲುಗಳನ್ನು ಎಣಿಸಿ ನೋಡಿ. ಹಾಲುಹಲ್ಲು ಒಟ್ಟು 20, ದೊಡ್ಡವರಿಗೆ 32. ಆರರಿಂದ ಹನ್ನೆರಡು ವರ್ಷದವರ ಬಾಯಲ್ಲಿ ಎರಡೂ ಬೆರೆತಿರುತ್ತವೆ. ಒಂದು ಅಲುಗಾಡುತ್ತಿದ್ದರೆ ಇನ್ನೊಂದು ಆಗಷ್ಟೇ ಇಣುಕುತ್ತಿರುತ್ತದೆ. ಹಾಗಾಗಿ ನಿಮ್ಮ ಲೆಕ್ಕ ಎರಡಕ್ಕೂ ಹೊಂದದಿದ್ದರೆ ಗಾಬರಿಯಾಗಬೇಡಿ.

ಕೆಲವೊಮ್ಮೆ ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸದು ಹುಟ್ಟಿ ಎರಡು ಸಾಲು ಕಾಣುತ್ತದೆ. ಕೆಳಗಿನ ಮುಂಹಲ್ಲುಗಳಲ್ಲಿ ಇದು ತೀರಾ ಸಾಮಾನ್ಯ. ಅದು ಹೆಚ್ಚುವರಿ ಹಲ್ಲಲ್ಲ. ತನ್ನ ಜಾಗಕ್ಕೇ ಬಂದಿದೆ, ಹಳೆಯದು ಇನ್ನೂ ಬಿಟ್ಟುಕೊಟ್ಟಿಲ್ಲ, ಅಷ್ಟೆ!

ನಿಜವಾದ ಹೆಚ್ಚುವರಿ ಹಲ್ಲಿನ ಕಥೆ ಶುರುವಾಗುವುದು ಬಹಳ ಹಿಂದೆ. ನೀವು ಅಮ್ಮನ ಹೊಟ್ಟೆಯಲ್ಲಿ ಸುಮಾರು ಆರು ವಾರದ ಕೂಸಾಗಿದ್ದಾಗಲೇ ಒಸಡಿನ ಜಾಗದಲ್ಲಿ ಜೀವಕೋಶಗಳ ಒಂದು ಪಟ್ಟಿ ಮೂಡಿತ್ತು. ಹಲ್ಲುಗಳ ಮೊಗ್ಗುಗಳೆಲ್ಲ ಹೊರಡುವುದು ಅದರಿಂದಲೇ. ಕೆಲಸ ಮುಗಿದ ಮೇಲೆ ಪಟ್ಟಿ ಕರಗಿಹೋಗಬೇಕು. ಕೆಲವರಲ್ಲಿ ಅದು ಇನ್ನೂ ಒಂದು ಮೊಗ್ಗನ್ನು ಜಾಸ್ತಿ ಮಾಡಿಬಿಡುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು. ಒಂದೇ ಮನೆಯವರಲ್ಲಿ ಕಾಣಿಸಿಕೊಳ್ಳುವುದೂ ಉಂಟು.

ಒಂದು ಹಲ್ಲು ಹೆಚ್ಚಾದರೆ ಏನಂತೆ ಅನ್ನುತ್ತೀರಾ? 2019ರಲ್ಲಿ ಚೆನ್ನೈಯ ದಂತ ಆಸ್ಪತ್ರೆಯೊಂದರಲ್ಲಿ ಏಳು ವರ್ಷದ ಹುಡುಗನ ಕೆಳದವಡೆಯಿಂದ ತೆಗೆದ ಗಂಟಿನೊಳಗೆ 526 ಚಿಕ್ಕ ದೊಡ್ಡ ಹಲ್ಲುಗಳಿದ್ದವು! ಅಂಥದ್ದು ತೀರಾ ಅಪರೂಪ, ನಿಮ್ಮ ದವಡೆಯನ್ನು ಒತ್ತಿ ನೋಡಿಕೊಳ್ಳುತ್ತ ಕೂರಬೇಡಿ.

ಸಾಮಾನ್ಯವಾಗಿ ಬರುವುದು ಒಂದೋ ಎರಡೋ. ಮೇಲಿನ ಎರಡು ನಡುಹಲ್ಲುಗಳ ಮಧ್ಯದ ಜಾಗವೆಂದರೆ ಅದಕ್ಕೆ ಬಲು ಇಷ್ಟ. ಅಲ್ಲಿ ಹುಟ್ಟುವುದಕ್ಕೆ ಡಾಕ್ಟರುಗಳು ಮೀಸಿಯೋಡೆನ್ಸ್ ಎನ್ನುತ್ತಾರೆ. ಗೂಟದಂತೆ ಮೊನಚಾಗಿರುವುದು ಹೊರಬಂದರೆ ಕಣ್ಣಿಗೆ ಬೀಳುತ್ತದೆ. ಕೆಲವು ಮೂಳೆಯೊಳಗೇ ತಲೆಕೆಳಗಾಗಿ, ಮೂಗಿನ ಕಡೆ ಮುಖಮಾಡಿ ಕೂತುಬಿಡುತ್ತವೆ. ತೊಂದರೆ ಕೊಡುವುದು ಹೆಚ್ಚಾಗಿ ಹೀಗೆ ಅವಿತವೇ. ಏಳೆಂಟು ವರ್ಷಕ್ಕೆ ಒಂದು ನಡುಹಲ್ಲು ಬಂದು ಆರು ತಿಂಗಳು ಕಳೆದರೂ ಅದರ ಜೋಡಿ ಬಾರದಿದ್ದರೆ ಡಾಕ್ಟರು ಎಕ್ಸ್‌-ರೇ ತೆಗೆಸುತ್ತಾರೆ. ದಾರಿಗೆ ಅಡ್ಡ ಕೂತವರು ಯಾರೆಂದು ಅದರಲ್ಲಿ ಗೊತ್ತಾಗುತ್ತದೆ.

ಸಿಕ್ಕಿದ ಕೂಡಲೇ ಕಿತ್ತುಬಿಡಬಹುದಲ್ಲ? ಇಲ್ಲೇ ಇರುವುದು ಡಾಕ್ಟರ ಜಾಣತನ. ಪಕ್ಕದ ಹೊಸ ಹಲ್ಲಿನ ಬೇರು ಇನ್ನೂ ಬೆಳೆಯುತ್ತಿರುತ್ತದೆ, ಅವಸರ ಮಾಡಿದರೆ ಅದಕ್ಕೆ ಪೆಟ್ಟಾಗಬಹುದು. ತೀರಾ ತಡಮಾಡಿದರೂ ಕಷ್ಟ: ದಾರಿ ಕಾದ ಹಲ್ಲು ಓರೆಯಾದೀತು, ಅದರ ಜಾಗಕ್ಕೆ ಅಕ್ಕಪಕ್ಕದವು ವಾಲಿಯಾವು. ಯಾರಿಗೂ ತೊಂದರೆ ಕೊಡದೆ ಆಳದಲ್ಲಿರುವುದನ್ನು ಹಾಗೇ ಬಿಟ್ಟು, ಆಗಾಗ ಎಕ್ಸ್‌-ರೇಯಲ್ಲಿ ನೋಡುತ್ತಿರುವುದೂ ಉಂಟು. ಅಡ್ಡಬಂದದ್ದನ್ನು ಮಾತ್ರ ಜಾಗ ಮರಗಟ್ಟಿಸಿ, ನೋವಾಗದಂತೆ ತೆಗೆಯುತ್ತಾರೆ. ಆಮೇಲೆ ನಿಜವಾದ ಹಲ್ಲು ಬಹಳ ಸಲ ತಾನಾಗಿಯೇ ಇಳಿದು ಬರುತ್ತದೆ. ಅದಕ್ಕೆ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿದರೂ ಹಿಡಿಯಬಹುದು. ಅಷ್ಟಾದರೂ ಹಟ ಬಿಡದಿದ್ದರೆ ಅದಕ್ಕೊಂದು ಪುಟ್ಟ ಕೊಂಡಿ ಅಂಟಿಸಿ, ಸಣ್ಣ ಸರಪಳಿಯಿಂದ ಮೆಲ್ಲಮೆಲ್ಲಗೆ ಕೆಳಗೆ ಎಳೆದು ತರುತ್ತಾರೆ.