ಹರಿತದ ಲೆಕ್ಕ



ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ಹೆದ್ದಾರಿಯೂ ಗೋಕಾಕದಿಂದ ಸವದತ್ತಿಗೆ ಹೋಗುವ ರಸ್ತೆಯೂ ಕೂಡುವ ಊರು ಯರಗಟ್ಟಿ. ಇಂಥ ಊರುಗಳಲ್ಲಿ ಬಡಿಗತನ ಇಂದಿಗೂ ಮನೆಯ ಕಸುಬು. ಹಿತ್ತಲಿನ ತಗಡಿನ ಚಪ್ಪರವೇ ಕಾರ್ಖಾನೆ. ಬಾಚಿ, ಉಳಿ, ಗರಗಸ, ಕೈರಂದಾಗಳ ಜೊತೆಗೆ ಈಗ ವಿದ್ಯುತ್ ರಂದಾ ಯಂತ್ರವೂ ಅಲ್ಲಿ ಬಂದು ಕುಳಿತಿದೆ. ಹಲಗೆಯ ಮುಖವನ್ನೂ ಅಂಚನ್ನೂ ಸಮ ಮಾಡುವುದು ಸರ್ಫೇಸ್ ಪ್ಲೇನರ್. ಹಲಗೆಗೆ ಎಲ್ಲೆಡೆ ಒಂದೇ ದಪ್ಪ ತರುವುದು ಥಿಕ್‌ನೆಸ್ ಪ್ಲೇನರ್. ಇವುಗಳ ಅಲಗು ಮೊಂಡಾದಾಗ ಮನೆಯಲ್ಲೇ ಸಾಣೆ ಹಿಡಿಯಬಹುದೇ? ಹಿಡಿಯಬಹುದು. ಆದರೆ ಲೆಕ್ಕ ತಿಳಿದು ಹಿಡಿಯಬೇಕು. ಶಾಲೆಯಲ್ಲಿ ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಬೆರಳೇ ಹೋಗಬಹುದು.

ಮೊದಲು ವೇಗವನ್ನು ನೋಡೋಣ. ಯಂತ್ರದ ಒಳಗೆ ಒಂದು ಉಕ್ಕಿನ ಉರುಳೆ, ಅದಕ್ಕೆ ಬಿಗಿದ ಮೂರು ಅಲಗುಗಳು. ಅಲಗಿನ ಬಾಯಿ ಸುತ್ತುವ ವೃತ್ತದ ವ್ಯಾಸ 100 ಮಿಲಿಮೀಟರ್, ವೇಗ ನಿಮಿಷಕ್ಕೆ 5000 ಸುತ್ತು ಎಂದಿಟ್ಟುಕೊಳ್ಳಿ. ಪರಿಧಿಯನ್ನು ಸುತ್ತುಗಳಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 26 ಮೀಟರ್ ಬರುತ್ತದೆ. ಅಂದರೆ ಗಂಟೆಗೆ 94 ಕಿಲೋಮೀಟರ್! ಹೆದ್ದಾರಿಯಲ್ಲಿ ಭರದಿಂದ ಓಡುವ ಬಸ್ಸಿನ ವೇಗ ಅಂಗೈಯಗಲದ ಜಾಗದಲ್ಲಿ ಸುತ್ತುತ್ತಿದೆ. ನೀವು ಭೌತಶಾಸ್ತ್ರದಲ್ಲಿ ಓದಿದ ಕೇಂದ್ರಾಭಿಮುಖ ವೇಗೋತ್ಕರ್ಷವನ್ನು ಲೆಕ್ಕ ಹಾಕಿ: ಗುರುತ್ವದ ಸುಮಾರು 1400 ಪಟ್ಟು. ಆದ್ದರಿಂದ ಒಂದು ಅಲಗು ಉಳಿದವಕ್ಕಿಂತ ಕೇವಲ 1 ಗ್ರಾಂ ಹೆಚ್ಚು ತೂಗಿದರೂ ಉರುಳೆಯನ್ನು ಅದು 1.4 ಕಿಲೋಗ್ರಾಂ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಅದೂ ಸೆಕೆಂಡಿಗೆ 83 ಸಲ ದಿಕ್ಕು ಬದಲಿಸುತ್ತ. ಯಂತ್ರ ನಡುಗುತ್ತದೆ, ಬೋಲ್ಟು ಸಡಿಲಾಗುತ್ತದೆ. ಒಂದು ಅಲಗಿಗೆ ಮಾತ್ರ ಸಾಣೆ ಹಿಡಿದು ಉಳಿದವನ್ನು ಹಾಗೇ ಬಿಡಬಾರದು ಎಂಬುದಕ್ಕೆ ಇದೇ ಕಾರಣ. ಮೂರನ್ನೂ ತಕ್ಕಡಿಯಲ್ಲಿ ತೂಗಿ ನೋಡುವುದು ಒಳ್ಳೆಯ ರೂಢಿ.

ಇನ್ನು ಅಲಗು ಮೊಂಡಾಗುವುದೇಕೆ? ಮರ ಉಕ್ಕಿಗಿಂತ ಮೆದು ಅಲ್ಲವೇ? ನಿಜ. ಆದರೆ ಸಾಗವಾನಿಯಂಥ ಮರದ ಒಳಗೇ ಸಿಲಿಕಾ ಇರುತ್ತದೆ, ಅಂದರೆ ಮರಳಿನ ದ್ರವ್ಯ. ಜಾಲಿ, ಬೇವಿನ ದಿಮ್ಮಿಗಳ ತೊಗಟೆಯಲ್ಲಿ ಹೊಲದ ಮಣ್ಣು, ಕೆಲವೊಮ್ಮೆ ಹಳೆಯ ಮೊಳೆಯೂ ಅಡಗಿರುತ್ತದೆ. ಹಲಗೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಯಂತ್ರಕ್ಕೆ ಕೊಟ್ಟರೆ ಅರ್ಧ ಸಾಣೆಯ ಕೆಲಸ ಉಳಿಯಿತು.

ಉಕ್ಕನ್ನು ಸವೆಸಲು ಅದಕ್ಕಿಂತ ಗಟ್ಟಿಯಾದ ವಸ್ತು ಬೇಕು. ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಗಡಸುತನಕ್ಕೆ 1ರಿಂದ 10ರವರೆಗೆ ಒಂದು ಅಳತೆಪಟ್ಟಿ ಮಾಡಿದರು. ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಗೋಕಾಕ ಜಲಪಾತದ ಬಂಡೆಯನ್ನೂ ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹರಿಯುವ ಗುಡ್ಡವನ್ನೂ ನೋಡಿದ್ದೀರಲ್ಲವೇ? ಅದು ಬೆಣಚಿನ ಕಣಗಳೇ ಒತ್ತಿ ಗಟ್ಟಿಯಾದ ಕಲ್ಲು. ಕುಡಗೋಲನ್ನು ಇಂಥ ಕಲ್ಲಿನ ಮೇಲೆ ಮಸೆಯಬಹುದು. ಆದರೆ ಹದ ಕೊಟ್ಟ ಯಂತ್ರದ ಅಲಗು ಗಡಸುತನದಲ್ಲಿ ಬೆಣಚಿಗೆ ಹೆಚ್ಚುಕಡಿಮೆ ಸಮ. ಕಲ್ಲು ಅದರ ಮೇಲೆ ಜಾರುತ್ತದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೊರಟು, ಜೇಡಿಮಣ್ಣು ಮತ್ತು ಇಂಗಾಲವನ್ನು ವಿದ್ಯುತ್ತಿನಿಂದ ಕಾಯಿಸಿ ಸಿಲಿಕಾನ್ ಕಾರ್ಬೈಡ್ ಪಡೆದರು. ಅದರ ಗಡಸುತನ 9ಕ್ಕಿಂತ ಹೆಚ್ಚು. ಅಂಗಡಿಯಲ್ಲಿ ಕಾರ್ಬೊರಂಡಂ ಕಲ್ಲು ಎಂದು ಕೊಡುವುದು ಇದನ್ನೇ. ನೀರು ಹಾಕಿ ಉಜ್ಜುವ ಕಪ್ಪು ಕಾಗದದ ಮೇಲೆ ಇರುವುದೂ ಇದೇ.

ತಿರುಗುವ ಸಾಣೆಚಕ್ರಕ್ಕೆ ಅಲಗನ್ನು ಬರಿಗೈಯಲ್ಲಿ ಒತ್ತಿದರೆ ಕಿಡಿ ಚಿಮ್ಮುತ್ತದೆ, ಕೆಲಸ ಬೇಗ ಮುಗಿದಂತೆ ಕಾಣುತ್ತದೆ. ಆದರೆ ತೆಳುವಾದ ಬಾಯಿ ಕ್ಷಣದಲ್ಲಿ ಕಾಯುತ್ತದೆ. ಸಾಮಾನ್ಯ ಇಂಗಾಲದ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಕಂಡಿತೆಂದರೆ ಅಲ್ಲಿ ಹದ ಇಳಿಯಿತು, ಆ ಭಾಗ ಇನ್ನು ಬೇಗ ಮೊಂಡಾಗುತ್ತದೆ. ಟಂಗ್‌ಸ್ಟನ್, ಕ್ರೋಮಿಯಂ ಬೆರೆಸಿದ ಹೈಸ್ಪೀಡ್ ಉಕ್ಕು ಸುಮಾರು 600 ಡಿಗ್ರಿಯವರೆಗೂ ಹದ ಬಿಡುವುದಿಲ್ಲ. ಆದರೆ ಚಕ್ರಕ್ಕೆ ಕೈಯಲ್ಲಿ ಹಿಡಿದ ಅಲಗಿನ ಬಾಯಿ ನೇರ ಉಳಿಯದು, ಅಲೆಯಂತೆ ಡೊಂಕಾಗುತ್ತದೆ. ದೊಡ್ಡ ಹಲ್ಲು ಬಿದ್ದ ಅಲಗನ್ನು ನೀರು ಸುರಿಸುತ್ತ ಸಾಣೆ ಹಿಡಿಯುವ ಯಂತ್ರವಿರುವ ಕಡೆಗೇ ಕಳುಹಿಸಿ.

ಬರೀ ಮೊಂಡಾದ ಅಲಗಿಗೆ ಮನೆಯ ಉಪಾಯ ಸಾಕು. ಅಲಗಿನ ಇಳಿಜಾರು ಮುಖ 40 ಡಿಗ್ರಿ ಇದ್ದರೆ, ಗಟ್ಟಿಮರದ ತುಂಡೊಂದರಲ್ಲಿ ತಳಕ್ಕೆ 40 ಡಿಗ್ರಿ ಓರೆಯಾಗಿ ಒಂದರ ಪಕ್ಕ ಒಂದು ಮೂರು ಸೀಳು ಕೊಯ್ದುಕೊಳ್ಳಿ. ಮೂರೂ ಅಲಗುಗಳನ್ನು ಅವುಗಳಲ್ಲಿ ಕೂರಿಸಿ, ಇಳಿಜಾರು ಮುಖಗಳು ಒಂದೇ ಸಮತಲದಲ್ಲಿ ನಿಲ್ಲುವಂತೆ ಸ್ಕ್ರೂ ಬಿಗಿಯಿರಿ. ದಪ್ಪ ಗಾಜಿನ ಮೇಲೆ, ಇಲ್ಲವೇ ಅಡುಗೆಮನೆಗೆ ಹಾಕಿ ಉಳಿದ ಗ್ರಾನೈಟ್ ತುಂಡಿನ ಮೇಲೆ, 220ರ ಕಾಗದ ಹಾಸಿ ನೀರು ಚಿಮುಕಿಸಿ ಉಜ್ಜಿ. ಆಮೇಲೆ 400, 800, 1000. ಬಾಯಿಯ ಆಚೆ ಕಡೆ ಕೂದಲೆಳೆಯಂಥ ಲೋಹದ ಮುಳ್ಳು ಏಳುತ್ತದೆ. ಅಲಗಿನ ಚಪ್ಪಟೆ ಮುಖವನ್ನು ಕೊನೆಯ ಕಾಗದದ ಮೇಲೆ ಮಲಗಿಸಿ ಎರಡು ಮೂರು ಸಲ ಎಳೆದರೆ ಅದು ಹೋಗುತ್ತದೆ. ಹರಿತ ಪರೀಕ್ಷಿಸಲು ಬೆರಳು ಬೇಡ. ದೀಪದ ಕೆಳಗೆ ಹಿಡಿಯಿರಿ. ಮೊಂಡು ಬಾಯಿ ಬಿಳಿ ಗೆರೆಯಾಗಿ ಹೊಳೆಯುತ್ತದೆ, ಹರಿತವಾದ ಬಾಯಿ ಕಾಣಿಸುವುದೇ ಇಲ್ಲ.

ಕೊನೆಯ ಲೆಕ್ಕ ಜೋಡಣೆಯದು. ಹಲಗೆ ನಿಮಿಷಕ್ಕೆ ಏಳೂವರೆ ಮೀಟರ್ ಸಾಗಿದರೆ, 15,000 ಕಡಿತಗಳಲ್ಲಿ ಒಂದೊಂದರ ಗುರುತು ಅರ್ಧ ಮಿಲಿಮೀಟರ್ ಅಂತರದಲ್ಲಿ ಬೀಳುತ್ತದೆ. ಒಂದು ಅಲಗು ಕೂದಲೆಳೆಯ ಹತ್ತನೇ ಒಂದು ಪಾಲಿನಷ್ಟು ಮೇಲಿದ್ದರೂ ಮೇಲ್ಮೈ ಮೇಲೆ ಅದರ ಗುರುತು ಮಾತ್ರ ಉಳಿಯುತ್ತದೆ. ಆಗ ಅಂತರ ಮೂರು ಪಟ್ಟು; ತಗ್ಗಿನ ಆಳ ಅಂತರದ ವರ್ಗದಂತೆ ಬೆಳೆಯುವುದರಿಂದ ಒಂಬತ್ತು ಪಟ್ಟು. ಪರೀಕ್ಷಿಸಲು ಹಿಂಬದಿಯ ಮೇಜಿನ ಮೇಲೆ ನೇರವಾದ ಮರದ ಪಟ್ಟಿ ಇಟ್ಟು, ಉರುಳೆಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಅಲಗು ಪಟ್ಟಿಯನ್ನು 3 ಮಿಲಿಮೀಟರ್ ಎಳೆದರೆ, ಅದು ಮೇಜಿಗಿಂತ 0.02 ಮಿಲಿಮೀಟರ್ ಮೇಲಿದೆ ಎಂದರ್ಥ. ಅಂತರದ ವರ್ಗವನ್ನು ವ್ಯಾಸದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಇದು ಸಿಗುತ್ತದೆ. ಮೂರೂ ಅಲಗುಗಳು, ಎರಡೂ ತುದಿಗಳಲ್ಲಿ, ಪಟ್ಟಿಯನ್ನು ಒಂದೇ ಅಳತೆ ಎಳೆಯಬೇಕು. ರೇಖಾಗಣಿತದ ಪಾಠ ಕಣ್ಣೆದುರಿಗೆ ಬರುವುದೆಂದರೆ ಹೀಗೆ.

ಕಡೆಯದಾಗಿ ಒಂದು ಮಾತು. ಕರೆಂಟು ಹೋದ ಬಿಡುವಿನಲ್ಲಿ ಅಲಗು ಬಿಚ್ಚಿಕೊಳ್ಳೋಣ ಎಂದು ನಮ್ಮ ಊರುಗಳಲ್ಲಿ ಯಾರಿಗಾದರೂ ಅನ್ನಿಸುವುದು ಸಹಜ. ಅದೇ ಅತಿ ಅಪಾಯದ ಗಳಿಗೆ. ಸ್ವಿಚ್ಚು ಹಾಗೇ ಉಳಿದಿದ್ದರೆ, ಕರೆಂಟು ಬಂದ ಮರುಕ್ಷಣ ಆ 94 ಕಿಲೋಮೀಟರ್ ವೇಗವೂ ಬರುತ್ತದೆ. ಪ್ಲಗ್ಗನ್ನು ಕಿತ್ತು, ನಿಮ್ಮ ಕಣ್ಣಿಗೆ ಕಾಣುವಲ್ಲಿ ಇಟ್ಟುಕೊಂಡೇ ಉರುಳೆಗೆ ಕೈ ಹಾಕಿ. ಬಿಚ್ಚಿದ ಅಲಗು ಹಿಡಿಯಲು ದಪ್ಪ ಕೈಚೀಲ ಇರಲಿ; ಯಂತ್ರ ಓಡುವಾಗ ಮಾತ್ರ ಅದು ಕೈಯಲ್ಲಿ ಬೇಡ, ಉರುಳೆ ಅದನ್ನು ಕಚ್ಚಿ ಎಳೆದೀತು. ಹಲಗೆಯ ಕೊನೆಯ ಗೇಣನ್ನು ಮರದ ತುಂಡಿನಿಂದಲೇ ನೂಕಿ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಯಂತ್ರವಿದ್ದರೆ, ಈ ಭಾನುವಾರ ನೋಟ್‌ಬುಕ್ಕು ಹಿಡಿದು ಹೋಗಿ. ವ್ಯಾಸವನ್ನೂ ಸುತ್ತುಗಳನ್ನೂ ಕೇಳಿ ಬರೆದುಕೊಂಡು ವೇಗದ ಲೆಕ್ಕ ಮಾಡಿ, ಕೆಲಸ ಮಾಡುವ ಅಣ್ಣನಿಗೋ ಕಾಕಾನಿಗೋ ತೋರಿಸಿ. ಅವರ ಕೈಗೆ ತಿಳಿದದ್ದು ನಿಮ್ಮ ಪುಸ್ತಕಕ್ಕೆ ತಿಳಿಯದು. ಅದನ್ನೂ ಕೇಳಿಕೊಂಡು ಬನ್ನಿ.