ಕಾಲಡಿಯ ಬಂಡೆಯೂ ಉಂಗುರದ ಮಾಣಿಕ್ಯವೂ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಜಯನಗರದ ರಾಗಿಗುಡ್ಡ, ಲಾಲ್‌ಬಾಗಿನ ಬಂಡೆ ನಾವೆಲ್ಲ ಹತ್ತಿ ಆಡಿದವೇ. ಈ ಬಗೆಯ ಕಲ್ಲನ್ನು ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎನ್ನುತ್ತಾರೆ. ಸುಮಾರು 300 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾರಸ ತಣಿದು ಗಟ್ಟಿಯಾಯಿತು. ಆಮೇಲೆ ಕಾವು, ಒತ್ತಡಕ್ಕೆ ಸಿಕ್ಕಿ ಕಪ್ಪು ಬಿಳಿ ಪಟ್ಟೆ ಮೂಡಿತು. ಮೇಲಿದ್ದ ಕಲ್ಲುಮಣ್ಣು ಸವೆದು ಹೋಗಿ ಈಗ ನಮ್ಮ ಕಣ್ಣಿಗೆ ಬಿದ್ದಿದೆ.

ಇದರೊಳಗೆ ಮಾಣಿಕ್ಯ ಸಿಗುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಮಾಣಿಕ್ಯವೆಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕ. ಕೆಂಪು ಬಣ್ಣ ಕೊಡುವುದು ಚೂರು ಕ್ರೋಮಿಯಂ. ನಮ್ಮ ಬಂಡೆಯಲ್ಲೂ ಅಲ್ಯೂಮಿನಿಯಂ ಇದೆ. ಆದರೆ ಸಿಲಿಕಾ ಹೇರಳವಾಗಿರುವುದರಿಂದ ಎರಡೂ ಕೂಡಿ ಫೆಲ್ಡ್‌ಸ್ಪಾರ್ ಆಗಿಬಿಟ್ಟಿವೆ. ಸಿಲಿಕಾ ಸಾಲದ ಕಡೆ, ನಮ್ಮ ಮೈಸೂರು ಸೀಮೆಯ ಕೆಲವೆಡೆಯಂತೆ, ಮಾಣಿಕ್ಯ ಹುಟ್ಟಿತು.

ಮಾಣಿಕ್ಯವನ್ನು ತಿಜೋರಿಯಲ್ಲಿಡುತ್ತೇವೆ, ಬಂಡೆಯನ್ನು ಸಿಡಿಸಿ ಜಲ್ಲಿ ಮಾಡುತ್ತೇವೆ. ಮನೆ ಕಟ್ಟಲು ಜಲ್ಲಿ ಬೇಕು, ನಿಜ. ಆದರೆ ಒಡೆದ ಗುಡ್ಡ ಮತ್ತೆ ಬೆಳೆಯುವುದಿಲ್ಲ. ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಫಲಕವಿದೆ. ಬಡಾವಣೆಗಳ ನಡುವೆ ಅಳಿದುಳಿದ ಬಂಡೆಗಳಿಗೆ ಫಲಕವಿಲ್ಲ, ನಾವೇ ಕಾವಲು. ಮಕ್ಕಳನ್ನು ಒಮ್ಮೆ ಕರೆದೊಯ್ದು ಆ ಪಟ್ಟೆಗಳ ಮೇಲೆ ಕೈಯಾಡಿಸಲು ಹೇಳಿ.