‘ನೀವು ಹೋದ್ಮೇಲೆ ನಾನು ಇಲ್ಲೇ ಇರ್ಬೇಕಲ್ಲ’: ವೃದ್ಧಾಶ್ರಮದಲ್ಲಿರೋ ಅಜ್ಜಿಯ ಪರವಾಗಿ ಮಾತಾಡೋದು ಹೇಗೆ?

ಇವತ್ತು ಅತಿಥಿ ಯಾರೂ ಇಲ್ಲ, ನಾನೊಬ್ಬಳೇ. ವಿಷಯ ನಮ್ಮ ಅಜ್ಜಿದು. ಇದನ್ನ ಎಲ್ಲರ ಮುಂದೆ ಹೇಳ್ಲಾ ಅಂತ ಅವಳನ್ನೇ ಕೇಳಿದೆ. "ನನ್ ಹೆಸರೊಂದು ಬಿಟ್ಟು ಉಳಿದಿದ್ದೆಲ್ಲ ಹೇಳು" ಅಂದ್ಲು. ಹಾಗಾಗಿ ಹೇಳ್ತಿದೀನಿ.

ಅಜ್ಜಿಗೆ 82 ವರ್ಷ. ಹೋದ ವರ್ಷ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯ್ತು, ಆದ್ರೆ ಮೊದಲಿನ ಹಾಗೆ ಓಡಾಡೋಕೆ ಆಗ್ಲಿಲ್ಲ. ನಮ್ಮದು ಬೆಂಗಳೂರಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನೂ ಕೆಲಸಕ್ಕೆ ಹೋಗ್ತಾಳೆ, ನಾನೂ ಹೋಗ್ತೀನಿ. ಮನೆಗೆ ಬಂದ ಇಬ್ಬರು ಕೇರ್‌ಟೇಕರ್‌ಗಳು ಎರಡೆರಡು ತಿಂಗಳಿಗೆ ಬಿಟ್ಟು ಹೋದ್ರು. ಕೊನೆಗೆ ಊರ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದ್ವಿ. ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟೋ ಆಶ್ರಮ. ಸೇರಿಸಿ ಬಂದ ದಿನ ಕಾರಿನಲ್ಲಿ ಅಮ್ಮ ಒಂದೇ ಒಂದು ಮಾತು ಆಡ್ಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಹೋಗ್ತಿದ್ವಿ. ಹಾಸಿಗೆ ಮೇಲೆ ಒಗೆದ ಬೆಡ್‌ಶೀಟ್, ಊಟಕ್ಕೆ ಪಾಯಸ, ಹೊರಗೆ ಟಿವಿಯಲ್ಲಿ ಭಕ್ತಿಗೀತೆ. "ಚೆನ್ನಾಗಿದೀಯಾ?" "ಚೆನ್ನಾಗಿದೀನಿ." "ಊಟ ಆಯ್ತಾ?" "ಆಯ್ತು." ಇಷ್ಟೇ ನಮ್ಮ ಮಾತು. ನೆಮ್ಮದಿಯಾಗಿ ವಾಪಸ್ ಬರ್ತಿದ್ವಿ.

ಒಂದು ಸಲ ಆಫೀಸ್ ಕೆಲಸಕ್ಕೆ ಆ ಕಡೆ ಹೋಗಿದ್ದೆ. ಬುಧವಾರ ಸಂಜೆ, ಹೇಳದೇ ಕೇಳದೇ ಹೋದೆ. ಅಜ್ಜಿ ಮಲಗಿದ್ಲು. ಕಾಲಿಗೆ ಎಣ್ಣೆ ಹಚ್ಚೋಣ ಅಂತ ಹೊದಿಕೆ ಸರಿಸಿದೆ. ಬಲಗಾಲಿನ ಹಿಮ್ಮಡಿ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪುಗೆಂಪು ಮಚ್ಚೆ. ಬೆರಳಲ್ಲಿ ಒತ್ತಿದೆ. ಬಣ್ಣ ಬಿಳಿಚಲೇ ಇಲ್ಲ. ಮುಟ್ಟಿದ್ದಕ್ಕೆ ಅಜ್ಜಿ ಕಾಲು ಎಳ್ಕೊಂಡ್ಲು.

ಇದು ಬೆಡ್ ಸೋರ್ ಶುರುವಾಗೋ ಹಂತ. ಒಂದೇ ಭಂಗಿಯಲ್ಲಿ ತುಂಬಾ ಹೊತ್ತು ಮಲಗಿದ್ರೆ ಮೂಳೆ ಉಬ್ಬಿರೋ ಜಾಗದಲ್ಲಿ, ಅಂದ್ರೆ ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗದಲ್ಲಿ ರಕ್ತ ಓಡಾಡಲ್ಲ. ಚರ್ಮ ಸಾಯೋಕೆ ಶುರುವಾಗುತ್ತೆ. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದೇ ಇರಬಹುದು. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ, ಬಿಸಿಯಾಗಿ ಅಥವಾ ಗಟ್ಟಿಯಾಗಿ ಇದ್ಯಾ ಅಂತ ಮುಟ್ಟಿ ನೋಡ್ಬೇಕು.

ಆಮೇಲೆ ಗಮನಿಸಿದೆ, ಅಜ್ಜಿಯ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಯಾಕಜ್ಜಿ ನೀರು ಕುಡಿದಿಲ್ಲ ಅಂದೆ. ತುಂಬಾ ಹೊತ್ತಿನ ಮೇಲೆ ಹೇಳಿದ್ಲು: "ಕುಡಿದ್ರೆ ರಾತ್ರಿ ಒಂದಕ್ಕೆ ಹೋಗ್ಬೇಕಲ್ವೇನೇ. ಬೆಲ್ ಒತ್ತಿದ್ರೆ ಯಾರೂ ಬರಲ್ಲ. ಒಂದ್ಸಲ ಹಾಸಿಗೇಲೇ ಆಗೋಯ್ತು." ಅದಕ್ಕೇ ಮಧ್ಯಾಹ್ನ ನಾಲ್ಕು ಗಂಟೆಯ ಕಾಫಿ ಆದ್ಮೇಲೆ ಅವಳು ಗಂಟಲಿಗೆ ಒಂದು ಹನಿ ಬಿಟ್ಕೊಳ್ತಿರಲಿಲ್ಲ.

ನಾನು ಎದ್ದು ಮ್ಯಾನೇಜರ್ ಹತ್ರ ಹೋಗ್ತೀನಿ ಅಂದೆ. ಅಜ್ಜಿ ನನ್ನ ಕೈ ಹಿಡ್ಕೊಂಡು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಬೇಡ್ವೇ. ನೀವು ಹೋದ್ಮೇಲೆ ನಾನು ಇಲ್ಲೇ ಇರ್ಬೇಕಲ್ಲ."

ಮನೆಗೆ ಬಂದು ನಾನು ಮಾಡಿದ ಮೊದಲ ತಪ್ಪು ಕೇಳಿ. ಹಿಮ್ಮಡಿಯ ಫೋಟೋನ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕ್ದೆ. ಪುಣೆಯಲ್ಲಿರೋ ಮಾವ ಅರ್ಧ ಗಂಟೆಯಲ್ಲಿ ಆಶ್ರಮಕ್ಕೆ ಫೋನ್ ಮಾಡಿ ಕೂಗಾಡಿದ್ರು. "ದುಡ್ಡು ತಗೊಂಡು ಹೀಗಾ ನೋಡ್ಕೊಳ್ಳೋದು? ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ." ಮ್ಯಾನೇಜರ್ ಆ ಸಿಟ್ಟನ್ನ ಅಜ್ಜಿಯ ರೂಮ್ ನೋಡ್ಕೊಳ್ಳೋ ಹುಡುಗಿ ಮೇಲೆ ತೀರಿಸ್ಕೊಂಡ್ರು. ಆ ಹುಡುಗಿ ಎರಡು ದಿನ ಅಜ್ಜಿ ಜೊತೆ ಮಾತಾಡಲಿಲ್ಲ. ಕೆಲಸ ಮಾಡ್ತಿದ್ಲಂತೆ, ಮಾತಿಲ್ಲ. ಅಜ್ಜಿ ಹೆದರಿದ್ದು ನಿಜ ಆಯ್ತು. ಮಾಡಿದ್ದು ನಾವು.

ಅಮ್ಮ ಮಾತ್ರ ಇಷ್ಟೂ ದಿನ ಸುಮ್ಮನಿದ್ಲು. ಯಾಕಮ್ಮ ನೀನು ಏನೂ ಹೇಳಲ್ಲ ಅಂತ ರೇಗಿದೆ. "ತಾಯೀನ ಅಲ್ಲಿ ಬಿಟ್ಟು ಬಂದೋಳು ನಾನು. ಯಾವ ಬಾಯಲ್ಲಿ ಕೇಳ್ಲಿ?" ಅಂದ್ಲು.

ಆಗ ನನಗೆ ಅರ್ಥ ಆಗಿದ್ದು ಇದು. ಮಾವ ಕೂಗಾಡಿದ್ದೂ, ಅಮ್ಮ ಬಾಯಿ ಮುಚ್ಕೊಂಡಿದ್ದೂ ಒಂದೇ ಕಾರಣಕ್ಕೆ. ಅಜ್ಜೀನ ಮನೇಲಿ ಇಟ್ಕೊಳ್ಳೋಕೆ ಆಗ್ಲಿಲ್ಲವಲ್ಲ ಅನ್ನೋ ಅಪರಾಧಿ ಭಾವ. ಆ ಕೂಗಿನಿಂದಾಗ್ಲಿ, ಆ ಮೌನದಿಂದಾಗ್ಲಿ ಅಜ್ಜಿಗೆ ಒಂದು ಲೋಟ ನೀರು ಸಿಗಲಿಲ್ಲ.

ಮುಂದಿನ ಶನಿವಾರ ಮತ್ತೆ ಹೋದೆ. ಮೊದಲು ಅಜ್ಜಿ ಹತ್ರ ಕ್ಷಮೆ ಕೇಳಿದೆ. ಆಮೇಲೆ ಕೇಳಿದೆ: "ಏನೇನು ಹೇಳ್ಲಿ, ಏನು ಹೇಳೋದು ಬೇಡ?" ಅವಳು ಯೋಚನೆ ಮಾಡಿ, "ಕಾಲಿಂದು ಹೇಳು. ರಾತ್ರಿ ಬೆಲ್ ವಿಷಯ ಹೇಳು. ಹಾಸಿಗೇಲಿ ಆಗಿದ್ದು ಹೇಳ್ಬೇಡ. ಆ ಹುಡುಗೀದು ತಪ್ಪು ಅಂತ ಹೇಳ್ಬೇಡ" ಅಂದ್ಲು. ನಾವು ಅವಳ ಪರವಾಗಿ ಮಾತಾಡ್ತೀವಿ ಅಂದ್ರೆ ಯಾವ ಮಾತು ಅನ್ನೋದನ್ನ ಅವಳೇ ಆರಿಸ್ಬೇಕು, ಅಲ್ವಾ? ಇವತ್ತು ಈ ಮೈಕ್ ಮುಂದೆ ಎಲ್ಲಾನೂ ಹೇಳಿದೀನಲ್ಲ, ಅದಕ್ಕೂ ಅವಳೇ ಒಪ್ಪಿಗೆ ಕೊಟ್ಟಿದ್ದು.

ಒಂದು ಪುಟ ಬರೆದೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ನೋಡಿದೆ. ಬೈಗುಳ ಇಲ್ಲ, "ನೀವು ಸರಿಯಾಗಿ ನೋಡ್ಕೊಳ್ತಿಲ್ಲ" ಅನ್ನೋ ಮಾತಿಲ್ಲ. ಕೊನೆಗೆ ನಾಲ್ಕು ಪ್ರಶ್ನೆ. ಹಿಮ್ಮಡೀನ ಡಾಕ್ಟರ್ ಯಾವತ್ತು ನೋಡ್ತಾರೆ? ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದನ್ನ ಯಾರು, ಎಲ್ಲಿ ಬರೆದಿಡ್ತಾರೆ? ದಿನಕ್ಕೆ ಎಷ್ಟು ನೀರು ಕುಡಿದಳು ಅನ್ನೋ ಲೆಕ್ಕ ಇದ್ಯಾ? ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತಾರೆ? ಇದನ್ನ ಇಮೇಲ್‌ನಲ್ಲೂ ಕಳಿಸಿ, ಪ್ರಿಂಟ್ ತಗೊಂಡು ಅಮ್ಮನ ಜೊತೆ ಹೋಗಿ ಕೂತೆ.

ಮ್ಯಾನೇಜರ್ ಮೊದಲು ಮುಖ ಗಂಟು ಹಾಕ್ಕೊಂಡ್ರು. "ಇಷ್ಟು ಜನ ಇದಾರೆ ಮೇಡಂ, ಯಾರೂ ಹೀಗೆ ಕೇಳಿಲ್ಲ" ಅಂದ್ರು. ಅಮ್ಮ ಮೊದಲ ಸಲ ಬಾಯಿ ತೆಗೆದ್ಲು. "ಕೇಳಿದ್ರೆ ನಮ್ಮಮ್ಮನಿಗೆ ತೊಂದರೆ ಆಗುತ್ತೇನೋ ಅಂತ ನಾನೂ ಇಷ್ಟು ದಿನ ಕೇಳಿರಲಿಲ್ಲ ಸರ್. ಬೇರೆಯವರೂ ಅದಕ್ಕೇ ಕೇಳಿಲ್ವೇನೋ." ಅವರು ಸ್ವಲ್ಪ ಹೊತ್ತು ಸುಮ್ಮನಾದ್ರು. ಆಮೇಲೆ ನಿಜ ಹೇಳಿದ್ರು: ಎರಡು ಮಹಡಿ, 26 ಜನ, ರಾತ್ರಿಗೆ ಒಬ್ಬಳೇ ಹುಡುಗಿ. ಅದೇ ಹುಡುಗಿ. ಬೆಳಗಿನ ಪಾಳಿಯೋಳು ಬರದಿದ್ರೆ ಅದನ್ನೂ ಅವಳೇ ಮಾಡ್ಬೇಕು.

ಏನಾಯ್ತು? ಎರಡು ದಿನದಲ್ಲಿ ಡಾಕ್ಟರ್ ಬಂದ್ರು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡೋಕೆ ಹೇಳಿದ್ರು. ಗೋಡೆ ಮೇಲೆ ಒಂದು ಚಾರ್ಟ್ ಬಂತು. ಅಜ್ಜೀನ ಕೆಳಗಿನ ಮಹಡಿಗೆ, ನರ್ಸ್ ಕೂರೋ ಜಾಗದ ಎದುರಿನ ರೂಮಿಗೆ ಬದಲಾಯಿಸಿದ್ರು. ರಾತ್ರಿಗೆ ಇನ್ನೊಬ್ಬರನ್ನ ಹಾಕ್ತೀವಿ ಅಂದಿದ್ದು ಮಾತ್ರ ಇನ್ನೂ ಆಗಿಲ್ಲ. ಪ್ರತಿ ಹದಿನೈದು ದಿನಕ್ಕೆ ಅದೇ ಇಮೇಲ್‌ಗೆ "ಇದು ಏನಾಯ್ತು ಸರ್?" ಅಂತ ಉತ್ತರ ಬರೀತಿದೀನಿ. ಬೇರೆ ಎರಡು ಕುಟುಂಬದವರೂ ಈಗ ಕೇಳ್ತಿದಾರೆ.

ಹೀಗೆ ಕೇಳಿದ್ರೂ ಕಿವಿಗೆ ಹಾಕ್ಕೊಳ್ಳದಿದ್ರೆ ಎಲ್ಲಿಗೆ ಹೋಗೋದು? ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್, ನಂಬರ್ 14567, ಉಚಿತ. ಬೆಂಗಳೂರಲ್ಲಿ ಹಿರಿಯರಿಗಾಗಿಯೇ 1090 ಇದೆ. ನಮ್ಮ ರಾಜ್ಯದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಅಂತಲೇ ಒಂದಿದೆ, ಅದರ ಜಿಲ್ಲಾ ಕಚೇರಿಗೆ ಬರೆದು ಕೊಡಬಹುದು. ದುಡ್ಡು ಕಟ್ಟಿ ಪಡೆಯೋ ಆರೈಕೆ ಒಂದು ಸೇವೆ. ಸೇವೆಯಲ್ಲಿ ಕೊರತೆ ಆದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ಗ್ರಾಹಕ ಸಹಾಯವಾಣಿ 1915. ತುಂಬಾ ಜನ ಹೆಸರು ಹೇಳೋ 2007ರ ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ, ಅದು ಮುಖ್ಯವಾಗಿ ನೋಡ್ಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸೋ ಕಾಯ್ದೆ. ಇನ್ನು ಹೊಡೆತ, ಬಡಿತ, ಕೂಡಿ ಹಾಕೋದು, ಮೈಮೇಲೆ ಗುರುತು ಕಂಡ್ರೆ ಪತ್ರ, ಇಮೇಲ್ ಅಂತ ಕೂರಬೇಡಿ. 112ಕ್ಕೆ ಫೋನ್ ಮಾಡಿ, ಮೊದಲು ಅವರನ್ನ ಅಲ್ಲಿಂದ ಕರ್ಕೊಂಡು ಬನ್ನಿ.

ಇದನ್ನ ಕೇಳ್ತಿರೋ ನಿಮ್ಮಲ್ಲಿ ಯಾರದಾದ್ರೂ ಅಜ್ಜಿ, ತಾತ, ದೊಡ್ಡಮ್ಮ ಇಂಥ ಜಾಗದಲ್ಲಿದ್ರೆ ಒಂದೇ ಮಾತು. ಭಾನುವಾರ ಬಿಟ್ಟು ಬೇರೆ ದಿನ ಹೋಗಿ, ಅವರ ಪಾದ ಮುಟ್ಟಿ ನೋಡಿ. "ಚೆನ್ನಾಗಿದೀಯಾ" ಅಂತ ಕೇಳ್ಬೇಡಿ, ಅದಕ್ಕೆ ಉತ್ತರ ಒಂದೇ. "ನಿನ್ನೆ ರಾತ್ರಿ ಎಷ್ಟು ಸಲ ಎದ್ದೆ? ಯಾರು ಬಂದ್ರು?" ಅಂತ ಕೇಳಿ. ಬರೋವಾಗ ಆ ಕೆಲಸದ ಹುಡುಗೀನೂ ಮಾತಾಡಿಸಿ. ಅವಳು ಊಟ ಮಾಡಿದ್ಲಾ ಅಂತಾನೂ ಕೇಳಿ.

ಮೊನ್ನೆ ರಾತ್ರಿ ಎಂಟು ಗಂಟೆಗೆ ಅಜ್ಜಿಗೆ ಫೋನ್ ಮಾಡಿದ್ದೆ. "ಇರೇ, ನೀರು ಕುಡೀತಿದೀನಿ" ಅಂದ್ಲು. ನಾನು ಆ ಕಡೆ ಲೋಟ ಕೆಳಗಿಡೋ ಸದ್ದು ಕೇಳೋವರೆಗೂ ಕಾದೆ.